ಬಳಿಯುವುದೋ, ತೊಳೆಯುವುದೋ?

ಇಟ್ಟಿಗೆ ಗೋಡೆಗೆ ಬಣ್ಣ ಬಳಿಯಲು ಒಂದು ಭಾನುವಾರ ಸಾಕು. ಬಳಿದ ಬಣ್ಣವನ್ನು ತೆಗೆಯಲು ಬೇಸಿಗೆ ರಜೆ ಪೂರ್ತಿ ಸಾಲದು. ಈ ವಾರದ ಮಾತು ಅದರ ಬಗ್ಗೆ.

ಮೈಸೂರಿನಿಂದ ಏಳನೇ ತರಗತಿಯ ಹುಡುಗಿಯೊಬ್ಬಳು ನಾಲ್ಕು ಪುಟದ ಪತ್ರ ಬರೆದಿದ್ದಾಳೆ. ‘ಹೆಸರು ಹಾಕಬೇಡಿ, ಚಿಕ್ಕಪ್ಪ ಈ ಪತ್ರಿಕೆ ಓದ್ತಾರೆ’ ಎಂದು ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾಳೆ. ಹೆಸರು ಹಾಕುವುದಿಲ್ಲ ಮಗೂ. ಆದರೆ ಮುಂದಿನದನ್ನು ಓದಿದ ಮೇಲೆ ಚಿಕ್ಕಪ್ಪನಿಗೆ ಗೊತ್ತಾಗದೇ ಇರುತ್ತದೆಯೇ ಎಂಬುದಕ್ಕೆ ನಾನು ಜವಾಬ್ದಾರನಲ್ಲ!

ಪತ್ರದ ಸಾರ ಇದು. ಇವರ ಮನೆಯ ಪಕ್ಕದಲ್ಲಿ ಒಂದು ಕಾರ್ ಶೆಡ್ ಇದೆ. ಕಾರು ಇಲ್ಲ, ತಾತನ ಹಳೆಯ ಸ್ಕೂಟರ್, ಎರಡು ಸೈಕಲ್, ಒಂದು ಮುರಿದ ಮಂಚ ಇವೆ. ಗೋಡೆಗೆ ಗಾರೆ ಮಾಡಿಲ್ಲ, ಬರೀ ಇಟ್ಟಿಗೆ. ಚಿಕ್ಕಪ್ಪ ದೀಪಾವಳಿಗೆ ಬಂದಾಗ, ‘ಇದನ್ನು ಖಾಲಿ ಮಾಡಿ ಬಿಳಿ ಬಣ್ಣ ಹೊಡೆಸೋಣ, ಮಕ್ಕಳು ಓದೋಕೆ, ಕೇರಂ ಆಡೋಕೆ ಜಾಗ ಆಗುತ್ತೆ’ ಅಂದರಂತೆ. ತಾತ, ‘ಬಣ್ಣ ಬೇಡ, ಚೆನ್ನಾಗಿ ಉಜ್ಜಿ ತೊಳೆದರೆ ಸಾಕು’ ಅಂದರಂತೆ. ಮಾತಿಗೆ ಮಾತು ಬೆಳೆದು, ತಾತ ಎರಡು ದಿನ ಶೆಡ್ಡಿನ ಬೀಗದ ಕೈಯನ್ನೇ ಯಾರಿಗೂ ಕೊಡಲಿಲ್ಲವಂತೆ.

ಹುಡುಗಿ ಜಾಣೆ. ಜಗಳದ ಸುದ್ದಿಯನ್ನಷ್ಟೇ ಬರೆದು ಸುಮ್ಮನಾಗಿಲ್ಲ, ಗೋಡೆಯ ಚಿತ್ರ ಬರೆದು ಅಳತೆ ಹಾಕಿದ್ದಾಳೆ. ಉದ್ದ 18 ಅಡಿ, ಅಗಲ 10 ಅಡಿ, ಎತ್ತರ 9 ಅಡಿ. ಯಾವ ಗೋಡೆಯಲ್ಲಿ ಏನಿದೆ ಎಂದು ಗುರುತು ಮಾಡಿದ್ದಾಳೆ: ಹಿಂದಿನ ಗೋಡೆಯ ಕೆಳಗಿನ ಐದಾರು ಸಾಲು ಇಟ್ಟಿಗೆಯ ಮೇಲೆ ಬಿಳಿ ಪುಡಿ; ಮೂಲೆಯಲ್ಲಿ ಹಸಿರು; ಸ್ಕೂಟರ್ ನಿಲ್ಲಿಸುವ ಕಡೆ ಎಣ್ಣೆಯ ಕಪ್ಪು ಕಲೆ; ಬಾಗಿಲ ಪಕ್ಕದಲ್ಲಿ ‘ಅಜ್ಜಿ ಇದ್ದಲಿನಲ್ಲಿ ಬರೆದ ಗೆರೆಗಳು’. ಆ ಕೊನೆಯ ಗುರುತಿನ ಬಗ್ಗೆ ಆಮೇಲೆ ಬರುತ್ತೇನೆ. ‘ಯಾರು ಸರಿ, ತಾತನಾ ಚಿಕ್ಕಪ್ಪನಾ?’ ಎಂದು ಕೇಳಿದ್ದಾಳೆ.

ಅದಕ್ಕೆ ಮೊದಲು ಕೇಳಬೇಕಾದ ಪ್ರಶ್ನೆ ಒಂದಿದೆ. ಆ ಬಿಳಿ ಪುಡಿ ಏನು?

ಇಟ್ಟಿಗೆ ನೋಡಲು ಕಲ್ಲಿನ ಹಾಗಿದ್ದರೂ ಸ್ವಭಾವದಲ್ಲಿ ರಸ್ಕಿನ ಹಾಗೆ. ರಸ್ಕನ್ನು ಕಾಫಿಗೆ ಅದ್ದಿದರೆ ಏನಾಗುತ್ತದೆ? ಅದ್ದಿದ್ದು ತುದಿಯನ್ನು ಮಾತ್ರ, ಆದರೆ ಕಾಫಿ ಮೇಲೇರಿ ಬರುತ್ತದೆ. ಇಟ್ಟಿಗೆಯೊಳಗೂ ಕಣ್ಣಿಗೆ ಕಾಣದಷ್ಟು ಸಣ್ಣ ಸಣ್ಣ ರಂಧ್ರಗಳಿರುತ್ತವೆ. ಮಣ್ಣನ್ನು ಅಚ್ಚಿಗೆ ಹಾಕಿ, ಒಣಗಿಸಿ, ಗೂಡಿನಲ್ಲಿ ಸುಮಾರು 900ರಿಂದ 1000 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಟ್ಟಾಗ ಮಣ್ಣಿನ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ನಡುವಿನ ಸಂದುಗಳು ಹಾಗೆಯೇ ಉಳಿಯುತ್ತವೆ. ಆ ಕೆಂಪು ಬಣ್ಣ ಮಣ್ಣಿನಲ್ಲಿರುವ ಕಬ್ಬಿಣದ್ದು. ಸರಿಯಾಗಿ ಬೆಂದ ಎರಡು ಇಟ್ಟಿಗೆಗಳನ್ನು ಒಂದಕ್ಕೊಂದು ತಾಗಿಸಿದರೆ ಠಣ್ ಅನ್ನುತ್ತದೆ. ಬೇಯದ ಇಟ್ಟಿಗೆ ದೊಪ್ ಅನ್ನುತ್ತದೆ, ಉಗುರಿನಿಂದ ಗೀರಿದರೆ ಗೆರೆ ಬೀಳುತ್ತದೆ. ಹಳೆಯ ಮೇಸ್ತ್ರಿಗಳು ಲೋಡು ಇಳಿಸಿಕೊಳ್ಳುವ ಮೊದಲು ಇಷ್ಟನ್ನು ನೋಡದೆ ಬಿಡುತ್ತಿರಲಿಲ್ಲ.

ಒಂದು ಇಟ್ಟಿಗೆ ಎಷ್ಟು ನೀರು ಕುಡಿಯಬಹುದು? ಸಾಮಾನ್ಯ ಇಟ್ಟಿಗೆಯನ್ನು 24 ಗಂಟೆ ನೀರಿನಲ್ಲಿ ಮುಳುಗಿಸಿಟ್ಟರೆ ಅದು ತನ್ನ ಒಣ ತೂಕದ ಶೇಕಡ 20ಕ್ಕಿಂತ ಹೆಚ್ಚು ನೀರು ಹೀರಬಾರದು ಎಂದು ನಮ್ಮ ದೇಶದ ಮಾನಕ ಹೇಳುತ್ತದೆ. ಇಟ್ಟಿಗೆ 3 ಕಿಲೋ ತೂಗಿದರೆ ಲೆಕ್ಕ ಹಾಕಿ: 600 ಗ್ರಾಂ, ಅಂದರೆ ಅರ್ಧ ಲೀಟರಿಗೂ ಮೇಲೆ. ಇದು ಒಳ್ಳೆಯ ಇಟ್ಟಿಗೆಗೆ ಇರುವ ಮಿತಿ. ಸುಮಾರಾದ ಇಟ್ಟಿಗೆ ಇನ್ನೂ ಹೆಚ್ಚು ಕುಡಿಯುತ್ತದೆ. ಶಾಲೆಯಲ್ಲಿ ತಕ್ಕಡಿ ಇದ್ದರೆ ನೀವೇ ತೂಗಿ ನೋಡಬಹುದು. ಒಣ ಇಟ್ಟಿಗೆಯನ್ನು ಒಮ್ಮೆ, ಮಾರನೇ ದಿನ ನೀರಿನಿಂದ ತೆಗೆದು ಒರೆಸಿ ಇನ್ನೊಮ್ಮೆ.

ಈ ನೀರು ಗೋಡೆಯೊಳಗೆ ಹೋಗುವಾಗ ದಾರಿಯಲ್ಲಿ ಸಿಕ್ಕ ಉಪ್ಪುಗಳನ್ನು ಕರಗಿಸಿಕೊಳ್ಳುತ್ತದೆ. ಅಡುಗೆಯ ಉಪ್ಪೊಂದೇ ಅಲ್ಲ. ಸೋಡಿಯಂ, ಮೆಗ್ನೀಷಿಯಂ, ಕ್ಯಾಲ್ಸಿಯಂಗಳ ಸಲ್ಫೇಟುಗಳೂ ಇರುತ್ತವೆ. ಇಟ್ಟಿಗೆಯ ಮಣ್ಣಿನಲ್ಲಿ, ಕಲಸಿದ ನೀರಿನಲ್ಲಿ, ಸಿಮೆಂಟಿನಲ್ಲಿ, ಪಾಯದ ಕೆಳಗಿನ ನೆಲದಲ್ಲಿ ಎಲ್ಲ ಕಡೆಯೂ ಒಂದಿಷ್ಟು ಇದ್ದೇ ಇರುತ್ತದೆ. ಗಾಳಿಗೆ ಗೋಡೆಯ ಮೈ ಒಣಗುತ್ತದೆ. ನೀರು ಆವಿಯಾಗಿ ಹೋಗುತ್ತದೆ. ಉಪ್ಪು ಹೋಗಲಾರದು, ಮೈಮೇಲೆ ಬಿಳಿಯಾಗಿ ಕೂರುತ್ತದೆ. ‘ಗೋಡೆ ಚೌಳು ಹಿಡಿದಿದೆ’, ‘ಉಪ್ಪು ಬಿಟ್ಟಿದೆ’ ಎಂದು ನಮ್ಮ ಕಡೆ ಹೇಳುವುದು ಇದಕ್ಕೇ.

ಇದು ಸಣ್ಣ ವಿಷಯವಲ್ಲ. ಸಮಾಜ ಪಾಠದಲ್ಲಿ ಮೊಹೆಂಜೊದಾರೊ ಓದಿದ್ದೀರಲ್ಲ? ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಅಲ್ಲಿಯ ಜನ ಸುಟ್ಟ ಇಟ್ಟಿಗೆಯಲ್ಲಿ ಊರು ಕಟ್ಟಿದರು. ಎತ್ತರ ಒಂದು ಪಾಲಾದರೆ ಅಗಲ ಎರಡು ಪಾಲು, ಉದ್ದ ನಾಲ್ಕು ಪಾಲು ಎಂಬ ಅಚ್ಚುಕಟ್ಟಾದ ಇಟ್ಟಿಗೆ ಅದು. ಮಣ್ಣಿನಡಿ ಇದ್ದಷ್ಟು ಕಾಲ ಚೆನ್ನಾಗಿತ್ತು. ಅಗೆದು ಹೊರತೆಗೆದ ಮೇಲೆ ನೆಲದ ಉಪ್ಪುನೀರು ಗೋಡೆಗೆ ಏರಿ, ಬಿಸಿಲಿಗೆ ಒಣಗಿ, ಉಪ್ಪಿನ ಹರಳುಗಳು ಇಟ್ಟಿಗೆಯನ್ನು ಒಳಗಿನಿಂದ ಒಡೆದು ಪುಡಿ ಮಾಡತೊಡಗಿದವು. ನೆಲದಡಿಯ ನೀರನ್ನು ಕೆಳಗಿಳಿಸಲು ಕೊಳವೆ ಬಾವಿಗಳನ್ನು ಕೊರೆದು ಪಂಪು ಹಾಕಬೇಕಾಯಿತು. ಸಾವಿರಾರು ವರ್ಷ ನಿಂತ ಇಟ್ಟಿಗೆಗೇ ಈ ಗತಿಯಾದರೆ ನಿಮ್ಮ ಶೆಡ್ಡಿನ ಇಟ್ಟಿಗೆ ಯಾವ ಲೆಕ್ಕ?

ಈಗ ಚಿಕ್ಕಪ್ಪನ ಡಬ್ಬಿಯನ್ನು ತೆರೆಯೋಣ. ಆ ಬಿಳಿ ಪುಡಿಯ ಮೇಲೆ ಬಣ್ಣ ಬಳಿದರೆ ಹೊಸದರಲ್ಲಿ ಚೆನ್ನಾಗಿಯೇ ಕಾಣುತ್ತದೆ. ಆದರೆ ಒಳಗೆ ನೀರು ಬರುವುದು ನಿಂತಿಲ್ಲ. ಹೊರಗೆ ಹೋಗಲು ಇದ್ದ ದಾರಿಯನ್ನು ಮಾತ್ರ ಮುಚ್ಚಿದಂತಾಯಿತು. ಉಪ್ಪು ಬಣ್ಣದ ಪದರದ ಹಿಂದೆಯೇ ಹರಳುಗಟ್ಟಿ ಬಣ್ಣವನ್ನು ಹಪ್ಪಳದ ಹಾಗೆ ಉಬ್ಬಿಸುತ್ತದೆ. ಉದುರುವಾಗ ಬಣ್ಣ ಒಂದೇ ಉದುರುವುದಿಲ್ಲ, ಇಟ್ಟಿಗೆಯ ಮುಖವನ್ನೂ ಕಿತ್ತುಕೊಂಡು ಬರುತ್ತದೆ. ಇಟ್ಟಿಗೆಯ ಮೈಗೆ ಗೂಡಿನಲ್ಲಿ ಬಂದ ಗಟ್ಟಿ ಪದರ ಒಮ್ಮೆ ಹೋದರೆ ಒಳಗಿನ ಮೆದು ಭಾಗ ಇನ್ನೂ ಬೇಗ ನೀರು ಕುಡಿಯುತ್ತದೆ. ಎರಡು ವರ್ಷಕ್ಕೊಮ್ಮೆ ಕೆರೆದು ಬಳಿಯುವ ಕೆಲಸ ಮನೆಗೆ ಕಾಯಂ ಆಗುತ್ತದೆ.

ತಾತನ ಬಕೆಟ್ಟಿನ ಬಗ್ಗೆಯೂ ಹೇಳಿಬಿಡಬೇಕು, ಪಕ್ಷಪಾತ ಆಗಬಾರದು. ಚೌಳನ್ನು ನೀರು ಹಾಕಿ ತೊಳೆದರೆ ಅದು ಮಾಯವಾಗುತ್ತದೆ, ನಿಜ. ಎಲ್ಲಿಗೆ ಹೋಯಿತು? ಕರಗಿ ಇಟ್ಟಿಗೆಯೊಳಗೇ ವಾಪಸು ಹೋಯಿತು. ಗೋಡೆ ಒಣಗಿದ ಮೇಲೆ, ಹದಿನೈದು ದಿನದಲ್ಲೋ ತಿಂಗಳಲ್ಲೋ, ಮತ್ತೆ ಬರುತ್ತದೆ. ಹಾಗಾಗಿ ಈ ಗೋಡೆಯ ಕೆಳಭಾಗದ ಮಟ್ಟಿಗೆ ತಾತನೂ ಸರಿಯಲ್ಲ, ಚಿಕ್ಕಪ್ಪನೂ ಸರಿಯಲ್ಲ. ಮೊದಲು ನೀರು ಎಲ್ಲಿಂದ ಬರುತ್ತಿದೆ ಎಂದು ಹುಡುಕಬೇಕು.

ಹುಡುಕುವುದು ಮಕ್ಕಳಿಗೆ ಕೊಡಬಹುದಾದ ಕೆಲಸ. ಎರಡು ಪರೀಕ್ಷೆ ಸಾಕು. ಬಿಳಿಯದನ್ನು ಬೆರಳ ತುದಿಯಲ್ಲಿ ಒಂದಿಷ್ಟು ತೆಗೆದು ಗಾಜಿನ ಮೇಲಿಟ್ಟು ನಾಲ್ಕು ಹನಿ ನೀರು ಹಾಕಿ. ಕರಗಿದರೆ ಉಪ್ಪು. ಕರಗದೆ ಹತ್ತಿಯ ಹಾಗೆ ಮುದ್ದೆಯಾದರೆ ಅದು ಬೂಷ್ಟು, ಅದರ ಮದ್ದು ಗಾಳಿ ಬೆಳಕು. ಇನ್ನೊಂದು, ಪ್ಲಾಸ್ಟಿಕ್ ಪರೀಕ್ಷೆ. ಒಂದು ಅಡಿ ಉದ್ದ, ಒಂದು ಅಡಿ ಅಗಲದ ತೆಳು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಹಿಡಿದು ನಾಲ್ಕೂ ಅಂಚಿಗೆ ಗಾಳಿ ಹೋಗದ ಹಾಗೆ ಅಗಲವಾದ ಟೇಪು ಅಂಟಿಸಿ ಎರಡು ದಿನ ಬಿಡಿ. ಹಾಳೆಯ ಒಳಮೈಯಲ್ಲಿ ಹನಿ ಕೂತಿದ್ದರೆ ನೀರು ಗೋಡೆಯಿಂದ ಬರುತ್ತಿದೆ. ಹೊರಮೈಯಲ್ಲಿ ಹನಿ ಇದ್ದರೆ ಶೆಡ್ಡಿನೊಳಗಿನ ಗಾಳಿಯೇ ತೇವವಾಗಿದೆ. ಕೆಳಗೊಂದು, ಸೊಂಟದ ಎತ್ತರಕ್ಕೊಂದು, ತಲೆಯ ಮೇಲೊಂದು ಅಂಟಿಸಿದರೆ ನೀರು ಎಲ್ಲಿಯವರೆಗೆ ಏರುತ್ತಿದೆ ಎಂದೂ ತಿಳಿಯುತ್ತದೆ. ಟೇಪು ಇಟ್ಟಿಗೆಗೆ ಸರಿಯಾಗಿ ಕಚ್ಚುವುದಿಲ್ಲ; ಮೊದಲು ಆ ಜಾಗದ ಧೂಳನ್ನು ಒಣ ಬಟ್ಟೆಯಲ್ಲಿ ಒರೆಸಿಕೊಳ್ಳಿ. ಅಜ್ಜಿಯ ಗೆರೆಗಳ ಹತ್ತಿರ ಮಾತ್ರ ಬೇಡ.

ಹುಡುಗಿಯ ಚಿತ್ರದಲ್ಲಿ ಹಿಂದಿನ ಗೋಡೆಯ ಆಚೆಗೆ ‘ದಾಸವಾಳದ ಪಾತಿ’ ಎಂದು ಬರೆದಿದೆ. ನನಗೆ ಅನುಮಾನ ಅಲ್ಲಿಯೇ. ಪಾತಿಯ ಮಣ್ಣು ಗೋಡೆಗೆ ಒತ್ತಿಕೊಂಡಿದ್ದರೆ, ಗಿಡಕ್ಕೆ ದಿನಾ ಹಾಕುವ ನೀರಿನಲ್ಲಿ ಅರ್ಧ ಪಾಲು ಗೋಡೆಗೇ ಹೋಗುತ್ತದೆ. ಮಣ್ಣನ್ನು ಗೋಡೆಯಿಂದ ಒಂದೂವರೆ ಅಡಿ ಹಿಂದಕ್ಕೆ ಸರಿಸಿ, ನೀರು ಆಚೆ ಹರಿಯುವ ಹಾಗೆ ನೆಲಕ್ಕೆ ಇಳಿಜಾರು ಕೊಟ್ಟರೆ ಮುಕ್ಕಾಲು ರೋಗ ವಾಸಿಯಾದೀತು. ಖರ್ಚು ಒಂದು ಗುದ್ದಲಿ, ಒಂದು ಬೆಳಗ್ಗೆ. ಹಸಿರು ಕಾಣುವ ಮೂಲೆಯ ಮೇಲೆ ತಾರಸಿಯ ನೀರಿನ ಪೈಪು ಇದೆಯೇ ನೋಡಿ. ಪಾಚಿ ಬೆಳೆದ ಕಡೆ ಮೇಲಕ್ಕೆ ಕಣ್ಣು ಹಾಯಿಸಿದರೆ ಹತ್ತರಲ್ಲಿ ಎಂಟು ಸಲ ಒಡೆದ ಪೈಪೋ ಸಂದಿನಲ್ಲಿ ಎಲೆ ತುಂಬಿದ ತೂಬೋ ಕಾಣುತ್ತದೆ.

ಇವೆರಡನ್ನೂ ಸರಿ ಮಾಡಿ ಗೋಡೆಯನ್ನು ಸುಮ್ಮನೆ ಒಣಗಲು ಬಿಡಬೇಕು. ಎಷ್ಟು ದಿನ? ವಾರದ ಮಾತಲ್ಲ, ತಿಂಗಳುಗಳ ಮಾತು. ಸಂಕ್ರಾಂತಿಯಿಂದ ಯುಗಾದಿಯವರೆಗಿನ ಒಣ ಹವೆ ಇದಕ್ಕೆ ಹೇಳಿ ಮಾಡಿಸಿದ್ದು. ಶೆಡ್ಡಿನ ಬಾಗಿಲು ಹಗಲೆಲ್ಲ ತೆಗೆದಿರಲಿ. ಬೀಗದ ಕೈ ವಿಚಾರ ಮನೆಯವರಿಗೆ ಬಿಟ್ಟದ್ದು.

ಈ ನಡುವೆ ಒಣ ಕೆಲಸ ಮಾಡಬಹುದು. ತೆಂಗಿನ ನಾರಿನ ಬ್ರಷ್ಷಿನಿಂದಲೋ ಗಟ್ಟಿ ನೈಲಾನ್ ಬ್ರಷ್ಷಿನಿಂದಲೋ ಚೌಳನ್ನು ಮೇಲಿಂದ ಕೆಳಕ್ಕೆ ಉಜ್ಜಿ. ನೀರು ಬೇಡ. ಕೆಳಗೆ ಹಳೆಯ ಪತ್ರಿಕೆ ಹಾಸಿ, ಬಿದ್ದ ಪುಡಿಯನ್ನು ಮಡಿಸಿ ಹೊರಗೆ ಹಾಕಿ. ಪಾತಿಗೆ ಸುರಿದರೆ ಮತ್ತೆ ಗೋಡೆಗೇ ಬರುತ್ತದೆ, ದಾಸವಾಳಕ್ಕೂ ಒಳ್ಳೆಯದಲ್ಲ. ಮೂಗಿಗೆ ಮಾಸ್ಕು ಇರಲಿ. ಉಬ್ಬಸ ಇರುವ ತಾತಂದಿರು ಬಾಗಿಲಾಚೆ ಕುರ್ಚಿ ಹಾಕಿಕೊಂಡು ಮೇಲ್ವಿಚಾರಣೆ ಮಾಡಲಿ. ತಂತಿ ಬ್ರಷ್ ಮಾತ್ರ ಬೇಡ. ಅದು ಇಟ್ಟಿಗೆಯ ಮೈಯನ್ನು ಗೀರುತ್ತದೆ, ಮುರಿದ ಕಬ್ಬಿಣದ ತುಣುಕುಗಳು ಸಂದಿನಲ್ಲಿ ಕೂತು ತುಕ್ಕು ಹಿಡಿದು ಹೊಸ ಕಲೆ ಮಾಡುತ್ತವೆ. ಹದಿನೈದು ದಿನ ಬಿಟ್ಟು ಮತ್ತೆ ಉಜ್ಜಿ. ಪ್ರತಿ ಸಲ ಬೀಳುವ ಪುಡಿ ಕಡಿಮೆಯಾಗುತ್ತಾ ಬಂದರೆ ಗೋಡೆ ಒಣಗುತ್ತಿದೆ ಎಂದರ್ಥ. ಪುಡಿಯನ್ನು ಪ್ರತಿ ಸಲ ತೂಗಿ ಬರೆದಿಟ್ಟರೆ ಒಳ್ಳೆಯ ವಿಜ್ಞಾನ ಪ್ರಾಜೆಕ್ಟು ಆಗುತ್ತದೆ.

ಪಾಚಿಯನ್ನು ಮರದ ಚಕ್ಕೆಯಿಂದ ಕೆರೆದರೆ ಸಾಕು. ನೀರು ನಿಂತರೆ ಅದು ಮತ್ತೆ ಬರುವುದಿಲ್ಲ.

ಎಣ್ಣೆ ಕಲೆ ಹಠಮಾರಿ. ಸೋಪು ಹಾಕಿ ಉಜ್ಜಿದರೆ ಇನ್ನೂ ಒಳಗೆ ಇಳಿದು ಅಗಲವಾಗುತ್ತದೆ. ಅದನ್ನು ಹೊರಕ್ಕೆ ಎಳೆಯಬೇಕು. ಮುಖಕ್ಕೆ ಹಚ್ಚುವ ಮುಲ್ತಾನಿ ಮಿಟ್ಟಿ ಗೊತ್ತಲ್ಲ? ಅದಕ್ಕೆ ಎಣ್ಣೆ ಹೀರುವ ಗುಣ ಇದೆ. ಅದಿಲ್ಲದಿದ್ದರೆ ಸೀಮೆಸುಣ್ಣದ ಪುಡಿಯೂ ಆದೀತು. ಪಾತ್ರೆ ತೊಳೆಯುವ ಸೋಪಿನ ನೀರಿನಲ್ಲಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಕಲೆಯ ಮೇಲೆ ಅರ್ಧ ಇಂಚು ದಪ್ಪ ಮೆತ್ತಿ, ಮೇಲೆ ಪ್ಲಾಸ್ಟಿಕ್ ಮುಚ್ಚಿ ಒಂದು ದಿನ ಬಿಡಿ. ಮಾರನೇ ದಿನ ಪ್ಲಾಸ್ಟಿಕ್ ತೆಗೆದು ಪೂರ್ತಿ ಒಣಗಲು ಬಿಡಿ. ಒಣಗುವಾಗ ಎಣ್ಣೆಯನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಆಮೇಲೆ ಮರದ ಚಕ್ಕೆಯಿಂದ ಎಬ್ಬಿಸಿ. ಎರಡು ಮೂರು ಸಲ ಮಾಡಬೇಕಾಗಬಹುದು. ಮೂವತ್ತು ನಲವತ್ತು ವರ್ಷದ ಕಲೆ ಪೂರ್ತಿ ಹೋಗುತ್ತದೆ ಎಂದು ನಾನು ಮಾತು ಕೊಡುವುದಿಲ್ಲ. ಸ್ಕೂಟರ್ ನಿಂತ ಜಾಗದಲ್ಲಿ ಸ್ಕೂಟರಿನ ಗುರುತು ಒಂದಿಷ್ಟು ಇದ್ದರೆ ಏನಂತೆ?

ಕೆಲವರು ಆ್ಯಸಿಡ್ ಹಾಕಿ ತೊಳೆದರೆ ಇಟ್ಟಿಗೆ ಫಳಫಳ ಹೊಳೆಯುತ್ತದೆ ಎನ್ನುತ್ತಾರೆ. ಹೊಳೆಯುತ್ತದೆ. ಜೊತೆಗೆ ಸಂದಿನ ಗಾರೆಯನ್ನು ತಿನ್ನುತ್ತದೆ, ಹೊಸ ಉಪ್ಪನ್ನು ಗೋಡೆಗೆ ಸೇರಿಸುತ್ತದೆ, ಮುಚ್ಚಿದ ಶೆಡ್ಡಿನಲ್ಲಿ ಅದರ ಹೊಗೆ ಕಣ್ಣಿಗೂ ಎದೆಗೂ ಅಪಾಯ. ಅಜ್ಜ ಅಜ್ಜಿ ಮಕ್ಕಳಿರುವ ಮನೆಯಲ್ಲಿ ಆ ಸೀಸೆಯೇ ಬೇಡ. ಗಾಡಿ ತೊಳೆಯುವ ಜೋರು ನೀರಿನ ಪೈಪೂ ಬೇಡ.

ಚಿಕ್ಕಪ್ಪನ ಕಡೆಯ ಮಾತನ್ನೂ ಕೇಳಬೇಕು. ಅವರು ಹೇಳಿದ್ದರಲ್ಲಿ ಒಂದು ಸತ್ಯ ಇದೆ: ಬೆಳಕು. ಕೆಂಪು ಇಟ್ಟಿಗೆ ಬೆಳಕನ್ನು ನುಂಗುತ್ತದೆ, ಬಿಳಿ ಗೋಡೆ ವಾಪಸು ಕೊಡುತ್ತದೆ. ಒಂದೇ ಬಾಗಿಲಿನ ಶೆಡ್ಡಿನಲ್ಲಿ ಮಕ್ಕಳು ಕೂತು ಓದಬೇಕಾದರೆ ಇದು ಸಣ್ಣ ಮಾತಲ್ಲ. ಹಳೆಯ ಇಟ್ಟಿಗೆಯಿಂದ ಕೆಂಪು ಪುಡಿ ಉದುರಿ ಪುಸ್ತಕಕ್ಕೆ ಮೆತ್ತುತ್ತದೆ ಎಂಬುದೂ ನಿಜ. ಬಣ್ಣ ಬೇಕು ಅನ್ನುವವರೆಲ್ಲ ಹಳತನ್ನು ಹಾಳು ಮಾಡುವವರು ಎಂದು ತಿಳಿಯಬೇಡಿ. ಬೆಂಗಳೂರಿನ ಕಬ್ಬನ್ ಪಾರ್ಕಿನ ಎದುರಿನ ಅಠಾರಾ ಕಚೇರಿ, ಅಂದರೆ ಈಗಿನ ಹೈಕೋರ್ಟು, 1868ರಲ್ಲಿ ಮುಗಿದ ಕಟ್ಟಡ. ಅದರ ಚಂದದ ಕೆಂಪು ಬಳಿದು ಬಂದದ್ದು. ಆದರೆ ಬಳಿದು ಬಂದ ಕೆಂಪನ್ನು ಮತ್ತೆ ಮತ್ತೆ ಬಳಿಯಬೇಕು. ಇಟ್ಟಿಗೆಯ ಕೆಂಪಿಗೆ ಆ ಚಾಕರಿ ಇಲ್ಲ. ಕೇರಳದಲ್ಲಿ ನೆಲೆಸಿದ ಲಾರಿ ಬೇಕರ್ ಇಟ್ಟಿಗೆಯನ್ನು ಹಾಗೇ ಕಾಣಬಿಟ್ಟು ಮನೆ ಕಟ್ಟುತ್ತಿದ್ದುದಕ್ಕೆ ಈ ಉಳಿತಾಯವೂ ಒಂದು ಕಾರಣ. ಗಾರೆ ಬೇಡ, ಬಣ್ಣ ಬೇಡ.

ಖರ್ಚಿನ ಲೆಕ್ಕ ಮಕ್ಕಳು ಹಾಕಲಿ. ಬಾಗಿಲಿನ ಕಡೆ ಬಿಟ್ಟರೆ ಮೂರು ಗೋಡೆ: 18, 18, 10, ಒಟ್ಟು 46 ಅಡಿ. ಎತ್ತರ 9. ಅಂದರೆ 414 ಚದರ ಅಡಿ. ಒಂದು ಡಬ್ಬಿ ಇಷ್ಟು ಚದರ ಅಡಿಗೆ ಬರುತ್ತದೆ ಎಂದು ಡಬ್ಬಿಯ ಮೇಲೆ ಬರೆದಿರುತ್ತದೆ. ಅದು ನಯವಾದ ಗಾರೆ ಗೋಡೆಯ ಲೆಕ್ಕ. ಒರಟು ಇಟ್ಟಿಗೆ, ಅದರ ಮೇಲೆ ಪ್ರತಿ ಸಂದಿನ ಹಳ್ಳ. ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಅಂಗಡಿಯವರು ಹೇಳುವುದಕ್ಕಿಂತ ಹೆಚ್ಚೇ ಬೇಕಾಗುತ್ತದೆ.

ಹಾಗಾದರೆ ಬೆಳಕಿಗೆ ಏನು ಮಾಡುವುದು? ನನ್ನನ್ನು ಕೇಳಿದರೆ, ಗೋಡೆ ಒಣಗಿದೆ ಎಂದು ಪ್ಲಾಸ್ಟಿಕ್ ಹಾಳೆ ಒಪ್ಪಿದ ಮೇಲೆ, ಓದುವ ಮೇಜಿನ ಹಿಂದಿನ ಒಂದು ಗೋಡೆಗೆ ಮಾತ್ರ ಸುಣ್ಣ ಹೊಡೆಯಿರಿ. ಎಣ್ಣೆ ಬಣ್ಣ ಬೇಡವೇ ಬೇಡ, ಅದು ಗೋಡೆಗೆ ರೇನ್‌ಕೋಟ್ ಹಾಕಿ ಒಳಗೇ ಬೆವರಿಸಿದ ಹಾಗೆ. ಪ್ಲಾಸ್ಟಿಕ್ ಎಮಲ್ಷನ್ ಪೂರ್ತಿ ಒಣಗಿದ ಒಳಗೋಡೆಗೆ ನಡೆಯುತ್ತದೆ, ಆದರೆ ಒಮ್ಮೆ ಹೊಡೆದರೆ ಇಟ್ಟಿಗೆಯ ಸಣ್ಣ ಗುಳಿಗಳಿಂದ ಅದನ್ನು ಪೂರ್ತಿ ತೆಗೆಯುವುದು ಆಗದ ಕೆಲಸ. ಸುಣ್ಣ ಗೋಡೆಯನ್ನು ಉಸಿರಾಡಲು ಬಿಡುತ್ತದೆ. ಮನಸ್ಸು ಬದಲಾದರೆ ಸವೆಸಲೂಬಹುದು. ಸುಣ್ಣದ ದೋಷವನ್ನೂ ಹೇಳುತ್ತೇನೆ: ಒರಗಿ ಕೂತರೆ ಬೆನ್ನಿಗೆ ಮೆತ್ತುತ್ತದೆ, ಕೆಲವು ವರ್ಷಕ್ಕೊಮ್ಮೆ ಹೊಡೆಯಬೇಕು.

ಸುಟ್ಟ ಸುಣ್ಣದ ಕಲ್ಲು ತಂದು ನೀರಿಗೆ ಹಾಕುವ ಕೆಲಸ ದೊಡ್ಡವರದು, ಮಕ್ಕಳು ದೂರ ನಿಲ್ಲಬೇಕು. ಕಬ್ಬಿಣದ ಡ್ರಮ್ಮಿನಲ್ಲಿ ಮೊದಲು ನೀರು, ಆಮೇಲೆ ಸುಣ್ಣ ಸ್ವಲ್ಪ ಸ್ವಲ್ಪವಾಗಿ. ಸುಣ್ಣದ ಮೇಲೆ ನೀರು ಸುರಿಯಬಾರದು, ಸಿಡಿಯುತ್ತದೆ. ಒಲೆಯಿಲ್ಲದೆ ನೀರು ಕುದಿಯುವುದನ್ನು ಹಿಂದೆ ಪ್ರತಿ ಯುಗಾದಿಗೆ ಮೊದಲು ಹಿತ್ತಲಲ್ಲಿ ನೋಡುತ್ತಿದ್ದೆವು. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಕಡ್ಡಾಯ. ಕಣ್ಣಿಗೆ ಸುಣ್ಣ ಬಿದ್ದರೆ ಧಾರಾಳ ನೀರಿನಲ್ಲಿ ತೊಳೆಯುತ್ತಲೇ ಇದ್ದು ಕೂಡಲೇ ಡಾಕ್ಟರ ಹತ್ತಿರ ಹೋಗಬೇಕು. ಇದೆಲ್ಲ ಕಷ್ಟ ಅನಿಸಿದರೆ ಅರಳಿಸಿದ ಸುಣ್ಣದ ಪುಡಿಯೇ ಅಂಗಡಿಯಲ್ಲಿ ಸಿಗುತ್ತದೆ. ಕುದಿಯುವ ಭಯ ಇಲ್ಲ, ಆದರೆ ಕನ್ನಡಕ ಗ್ಲೌಸ್ ಆಗಲೂ ಬೇಕು. ಬಟ್ಟೆಯಲ್ಲಿ ಸೋಸಿ, ಹಾಲಿನಷ್ಟು ತೆಳ್ಳಗೆ ಮಾಡಿ, ಗೋಡೆಗೆ ಸ್ವಲ್ಪ ನೀರು ಚಿಮುಕಿಸಿ ಮೂರು ಸಲ ಹೊಡೆಯಿರಿ. ಹೊಡೆದ ಕೂಡಲೇ ಏನೂ ಕಾಣುವುದಿಲ್ಲ. ‘ಇಷ್ಟು ತೆಳ್ಳಗೆ ಕಲಸಿದ್ದೀರಿ’ ಎಂದು ಜಗಳ ಶುರು ಮಾಡಬೇಡಿ. ಒಣಗುತ್ತಾ ಗಾಳಿಯಲ್ಲಿನ ಇಂಗಾಲದ ಡೈ ಆಕ್ಸೈಡನ್ನು ಹೀರಿ ಸುಣ್ಣ ಮತ್ತೆ ಸುಣ್ಣಕಲ್ಲಿನ ರೂಪಕ್ಕೆ ತಿರುಗುತ್ತದೆ, ಮಾರನೇ ದಿನ ನೋಡಿದರೆ ಗೋಡೆ ಬೆಳ್ಳಗಿರುತ್ತದೆ.

ಇನ್ನು ಅಜ್ಜಿಯ ಗೆರೆಗಳು.

ಹುಡುಗಿ ಬರೆದಿರುವುದು ಹೀಗೆ: ‘ಬಾಗಿಲ ಬಲಗಡೆ ಇದ್ದಲಿನಲ್ಲಿ ಗೆರೆ ಗೆರೆ ಇದೆ. ನಾಲ್ಕು ನೆಟ್ಟಗೆ, ಒಂದು ಅಡ್ಡ. ಅದರ ಕೆಳಗೆ ಮರಳು 4 ಲೋಡು ಅಂತ ಇದೆ. ಮನೆ ಕಟ್ಟುವಾಗ ಅಜ್ಜಿ ಬರೆದಿದ್ದಂತೆ. ಅಜ್ಜಿ ಈಗ ಇಲ್ಲ. ಚಿಕ್ಕಪ್ಪನಿಗೆ ಅದು ಬರೀ ಗಲೀಜು ಅನ್ಸುತ್ತೆ. ಅಷ್ಟೊಂದು ಗೆರೆ ಯಾಕೆ ಎಳೆದಿದ್ರು?’

ಮನೆ 1979ರಲ್ಲಿ ಕಟ್ಟಿದ್ದು ಎಂದು ಪತ್ರದಲ್ಲಿದೆ. ಆಗ ಸಿಮೆಂಟು ಈಗಿನ ಹಾಗೆ ಅಂಗಡಿಗೆ ಹೋಗಿ ಕೇಳಿದರೆ ಸಿಗುತ್ತಿರಲಿಲ್ಲ. ಬೆಲೆಯೂ ಹಂಚಿಕೆಯೂ ಸರ್ಕಾರದ ಹಿಡಿತದಲ್ಲಿತ್ತು; ಅರ್ಜಿ ಹಾಕಿ, ಪರ್ಮಿಟ್ ಪಡೆದು, ಪಾಳಿಯಲ್ಲಿ ನಿಂತು ಚೀಲ ತರಬೇಕಿತ್ತು. 1982ರಲ್ಲಿ ಆ ಹಿಡಿತ ಅರ್ಧ ಸಡಿಲವಾಯಿತು, 1989ರಲ್ಲಿ ಪೂರ್ತಿ ಹೋಯಿತು. ಹಾಗಾಗಿ ಆ ಕಾಲದಲ್ಲಿ ಸೈಟಿನಲ್ಲಿ ಮೊದಲು ಏಳುತ್ತಿದ್ದುದು ಮನೆಯಲ್ಲ, ಸಿಮೆಂಟು ಇಡುವ ಶೆಡ್ಡು. ಬೀಗ ಹಾಕುವ ಬಾಗಿಲು, ಮಳೆ ಸೋರದ ಸೂರು. ಒದ್ದೆಯಾದರೆ ಚೀಲ ಕಲ್ಲಾಗುತ್ತದೆ, ಬೀಗ ಇಲ್ಲದಿದ್ದರೆ ಚೀಲ ಕಾಲು ಬಂದು ನಡೆದುಹೋಗುತ್ತದೆ! ಎಷ್ಟು ಬಂತು, ಎಷ್ಟು ಹೋಯಿತು ಎಂದು ಯಾರಾದರೂ ಲೆಕ್ಕ ಇಡಲೇಬೇಕಿತ್ತು. ತಾತ ಆಫೀಸಿಗೆ ಹೋಗಿರುತ್ತಿದ್ದರು. ಕೈಗೆ ಸಿಕ್ಕ ಇದ್ದಲು, ಕಣ್ಣೆದುರಿಗಿದ್ದ ಗೋಡೆ. ಆ ಗಾರೆಯಿಲ್ಲದ ಗೋಡೆ ಹಾಗೇ ಉಳಿದದ್ದೂ ಬಹುಶಃ ಈ ಕಾರಣಕ್ಕೇ. ಗೋದಾಮಿಗೆ ಯಾರು ಸಿಮೆಂಟು ಖರ್ಚು ಮಾಡುತ್ತಾರೆ?

ತಾತನ ಸಿಟ್ಟು ಬಣ್ಣದ ಮೇಲಲ್ಲ ಎಂದು ನನಗೆ ತೋರುತ್ತದೆ. ಹಾಗೆಂದು ಅವರು ಬಾಯಿಬಿಟ್ಟು ಹೇಳಿಲ್ಲ, ಮನೆಯಲ್ಲಿ ಯಾರೂ ಕೇಳಿಯೂ ಇಲ್ಲ. ನೀನೇ ಹೋಗಿ ಕೇಳು ಮಗೂ. ಚಿಕ್ಕಪ್ಪ ಫೋನ್ ಮಾಡಿದ ದಿನ ಕೇಳಿದರೆ ಇನ್ನೂ ಒಳ್ಳೆಯದು, ಅವರಿಗೂ ಕೇಳಿಸಲಿ.

ಆದರೆ ತಾತನವರಿಗೆ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಇದ್ದಲು ಅಂದರೆ ಇಂಗಾಲ. ಅದು ಬಿಸಿಲಿಗೆ ಮಾಸುವುದಿಲ್ಲ, ನೀರಿನಲ್ಲಿ ಕರಗುವುದಿಲ್ಲ. ಆದರೆ ಗೋಡೆಗೆ ಅಂಟಿಕೊಂಡೂ ಇಲ್ಲ, ಇಟ್ಟಿಗೆಯ ಗುಳಿಗಳಲ್ಲಿ ಪುಡಿಯಾಗಿ ಕೂತಿದೆ ಅಷ್ಟೆ. ಬಣ್ಣ ಅದನ್ನು ಮುಚ್ಚುತ್ತದೆ. ತಾವು ಹೇಳಿದ ಬ್ರಷ್ಷು, ಬಕೆಟ್ಟು ಅದನ್ನು ಒಂದು ನಿಮಿಷದಲ್ಲಿ ಅಳಿಸಿಬಿಡುತ್ತದೆ. ಸೈಕಲ್ ಒಳಗಿಡುವಾಗ ಹ್ಯಾಂಡಲ್ ಉಜ್ಜಿದರೂ ಹೋಯಿತು. ಆದ್ದರಿಂದ ಆ ಭಾಗಕ್ಕೆ ತೊಳೆಯುವುದೂ ಇಲ್ಲ, ಬಳಿಯುವುದೂ ಇಲ್ಲ.

ಶೆಡ್ಡಿನ ಬೇರೆ ಯಾವ ಕೆಲಸಕ್ಕೂ ಕೈ ಹಾಕುವ ಮುಂಚೆ ಫೋಟೊ ತೆಗೆಯಿರಿ. ಎದುರಿನಿಂದ ಫ್ಲ್ಯಾಶ್ ಹಾಕಬೇಡಿ. ಸಂಜೆ ಬಾಗಿಲಿನಿಂದ ಬೆಳಕು ಓರೆಯಾಗಿ ಬೀಳುವಾಗ, ಪಕ್ಕದಲ್ಲಿ ಒಂದು ಸ್ಕೇಲು ಹಿಡಿದು ತೆಗೆಯಿರಿ. ಒಂದು ಫೋಟೊವನ್ನು ಕಾಗದದ ಮೇಲೆ ಹಾಕಿಸಿ ತಾತನಿಗೆ ಕೊಡಿ. ಬೇರೆ ಕಡೆ ಉಜ್ಜುವಾಗ ಗೆರೆಗಳ ಸುತ್ತ ಎರಡು ಇಟ್ಟಿಗೆ ಅಗಲ ಜಾಗ ಬಿಟ್ಟು, ಮೇಲಿನಿಂದ ಒಂದು ರಟ್ಟನ್ನು ಗೋಡೆಗೆ ತಾಗದಂತೆ ಇಳಿಬಿಡಿ. ವಾರ್ನಿಷ್ ಹೊಡೆದು ಕಾಪಾಡೋಣ ಎಂದು ಯಾರಾದರೂ ಹೇಳುತ್ತಾರೆ, ಹೇಳಿಯೇ ಹೇಳುತ್ತಾರೆ. ಬೇಡ, ಬಣ್ಣಕ್ಕೆ ಆಗುವ ಗತಿಯೇ ಅದಕ್ಕೂ, ಉಬ್ಬಿ ಕಿತ್ತು ಬರುವಾಗ ಗೆರೆಗಳನ್ನೂ ತರುತ್ತದೆ. ಕೊನೆಯಲ್ಲಿ ಒಂದು ಮರದ ಚೌಕಟ್ಟಿಗೆ ಗಾಜು ಹಾಕಿಸಿ, ಗೋಡೆಯಿಂದ ಒಂದು ಇಂಚು ಮುಂದೆ ನಿಲ್ಲುವ ಹಾಗೆ ಮೊಳೆ ಹೊಡೆಸಿ. ಮೊಳೆ ಗಾರೆಯ ಸಂದಿಗೆ ಬರಲಿ, ಇಟ್ಟಿಗೆಗೆ ಬೇಡ. ಗಾಜಿನ ಮೇಲೂ ಕೆಳಗೂ ತೆರೆದಿರಲಿ, ಗಾಳಿಯಾಡಬೇಕು. ಆ ಕಡೆ ಇನ್ನು ಮುಂದೆ ಸೈಕಲ್ ನಿಲ್ಲಿಸಬೇಡಿ.

ಅಷ್ಟೊಂದು ಗೆರೆ ಯಾಕೆ ಎಂದು ಕೇಳಿದ್ದೀಯಲ್ಲ. ಒಂದು ಗೆರೆಗೆ ಒಂದು ಚೀಲ. ನಾಲ್ಕು ನೆಟ್ಟಗೆ, ಒಂದು ಅಡ್ಡ, ಒಂದು ಕಟ್ಟಿಗೆ ಐದು. ನೀನು ಎಣಿಸಿ ಬರೆದಿರುವುದು 32 ಕಟ್ಟು, ಮೇಲೆ ಮೂರು ಬಿಡಿ ಗೆರೆ. 163 ಚೀಲ. ಚೀಲಕ್ಕೆ 50 ಕಿಲೋ. ಒಟ್ಟು 8,150 ಕಿಲೋ ಸಿಮೆಂಟು ಆ ಬಾಗಿಲಿನಿಂದ ಒಳಗೆ ಬಂದಿದೆ. ಮರಳಿನ ನಾಲ್ಕು ಲೋಡು ಸಾಕಾಗಿರಲಾರದು, ಉಳಿದದ್ದನ್ನು ಬೇರೆ ಎಲ್ಲೋ ಬರೆದಿರಬೇಕು. ಮಂಚ ಸರಿಸಿ ಅದರ ಹಿಂದೆ ನೋಡು.